ಹದಿನಾರು ಕಿಲೊಬೈಟ್‌ಗಳ ವ್ಯವಸ್ಥೆ ಮತ್ತು ಸೂಪರ್‌ಕಂಪ್ಯೂಟರ್

ಒಂದು ಕಂಪ್ಯೂಟರನ್ನು ನಡೆಸುವ ಇಡೀ ಕಾರ್ಯಾಚರಣ ವ್ಯವಸ್ಥೆಯ ತಿರುಳು ಹದಿನಾರು ಕಿಲೊಬೈಟ್‌ಗಳ ಆಸುಪಾಸಿನಲ್ಲಿ ಅಡಗಿದೆ ಎಂದರೆ ಯಾರಿಗಾದರೂ ಅಚ್ಚರಿಯಾಗುತ್ತದೆ. ಯೂನಿಕೋಡ್‌ನ ರೂಢಿಯ ಸಂಕೇತನದಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್‌ಗಳು ಬೇಕು. ಆ ಲೆಕ್ಕದಲ್ಲಿ ನೀವೀಗ ಓದುತ್ತಿರುವ ಈ ಲೇಖನವೇ ಹದಿನಾರು ಕಿಲೊಬೈಟ್‌ಗಳಲ್ಲಿ ಹಿಡಿಸುವುದಿಲ್ಲ! ಬೇರ್‌ಮೆಟಲ್ ಎಂಬ ವ್ಯವಸ್ಥೆಯ ಕರ್ನೆಲ್ ಅಷ್ಟು ಪುಟ್ಟದು. ರಿಟರ್ನ್ ಇನ್ಫಿನಿಟಿ ಎಂಬ ಚಿಕ್ಕ ಸಂಸ್ಥೆ ರೂಪಿಸಿದ ಇದು 64 ಬಿಟ್‌ಗಳ ಎಕ್ಸ್86 ಸಂಸ್ಕಾರಕಗಳಿಗಾಗಿ ಸಂಪೂರ್ಣವಾಗಿ ಅಸೆಂಬ್ಲಿ ಭಾಷೆಯಲ್ಲಿ ಬರೆದದ್ದು. ಅಸೆಂಬ್ಲಿಯಲ್ಲಿ ಒಂದು ಸಾಲು ಎಂದರೆ ಹೆಚ್ಚುಕಡಿಮೆ ಸಂಸ್ಕಾರಕದ ಒಂದು ಆದೇಶ. ನಡುವೆ ಅನುವಾದಕನ ಹಂಗಿಲ್ಲ. ತಯಾರಕರು ತಮ್ಮ ಮುಂದೆ ಇಟ್ಟುಕೊಂಡ ಗುರಿಗಳು ಮೂರು: ಉನ್ನತ ಸಾಮರ್ಥ್ಯದ ಗಣನೆ, ಉಪಕರಣಗಳ ಒಳಗೆ ಹುದುಗಿರುವ ಗಣಕಗಳು, ಮತ್ತು ಶಿಕ್ಷಣ.

ಈ ಮೂರರಲ್ಲಿ ಮೊದಲನೆಯದನ್ನು ಇಲ್ಲಿ ಪರೀಕ್ಷಿಸೋಣ. ಕಾರಣವಿದೆ. ಬಿ.ಇ. ಮತ್ತು ಎಂ.ಎಸ್‌ಸಿ. ವಿದ್ಯಾರ್ಥಿಗಳು ಅಂತಿಮ ವರ್ಷದ ಪ್ರಾಜೆಕ್ಟ್ ಆರಿಸುವಾಗ ಇಂಥ ವ್ಯವಸ್ಥೆಗಳಿಗೆ ಮನಸೋಲುವುದು ಸಹಜ. "ಲಿನಕ್ಸ್ ಬಹಳ ದೊಡ್ಡದು, ಆದ್ದರಿಂದ ನಿಧಾನ; ಅಸೆಂಬ್ಲಿಯಲ್ಲಿ ಪುಟ್ಟದೊಂದನ್ನು ಬರೆದರೆ ನಮ್ಮ ಲೆಕ್ಕಾಚಾರಗಳು ಹಲವು ಪಟ್ಟು ಬೇಗ ಮುಗಿಯುತ್ತವೆ" ಎಂಬ ವಾದ ಕೇಳಲು ಚೆನ್ನಾಗಿದೆ. ಅಧ್ಯಾಪಕರಲ್ಲೂ ಅನೇಕರು ತಲೆದೂಗುತ್ತಾರೆ. ಆದರೆ ಒಬ್ಬ ವಿದ್ಯಾರ್ಥಿಯ ಒಂದು ವರ್ಷದ ದುಡಿಮೆ ಈ ವಾದದ ಮೇಲೆ ನಿಂತಿರುವಾಗ ಅದನ್ನು ಅಳೆದು ನೋಡುವುದು ನಮ್ಮ ಕರ್ತವ್ಯ. ಅಳೆದರೆ ವಾದದ ಅರ್ಧ ಭಾಗ ಗಟ್ಟಿ, ಉಳಿದರ್ಧ ಪೊಳ್ಳು ಎಂಬುದು ತಿಳಿಯುತ್ತದೆ. ವಿಚಿತ್ರವೆಂದರೆ, ಜನ ಮೆಚ್ಚುವುದು ಪೊಳ್ಳಾದ ಅರ್ಧವನ್ನೇ.

ಮೊದಲಿಗೆ ಬೇರ್‌ಮೆಟಲ್ ಏನನ್ನು ಬಿಟ್ಟುಕೊಟ್ಟು ಅಷ್ಟು ಕಿರಿದಾಗಿದೆ ಎಂಬುದನ್ನು ನೋಡಿ. ಅದರಲ್ಲಿ ಒಂದು ಹೊತ್ತಿಗೆ ಒಂದೇ ಕ್ರಮವಿಧಿ ನಡೆಯುತ್ತದೆ. ಹಲವು ಬಳಕೆದಾರರು, ಗುಪ್ತಪದ, ಅನುಮತಿ ಎಂಬ ಗೋಜಿಲ್ಲ. ಸ್ಮೃತಿಯೆಲ್ಲ ಒಂದೇ ಬಯಲು. ಬಳಕೆದಾರನ ಕ್ರಮವಿಧಿಯೂ ಕರ್ನೆಲ್ಲೂ ಸಂಸ್ಕಾರಕದ ಒಂದೇ ಅಧಿಕಾರ ಮಟ್ಟದಲ್ಲಿ ಅಕ್ಕಪಕ್ಕ ಕೂರುತ್ತವೆ. ಹಾಗಾಗಿ ಕ್ರಮವಿಧಿ ಕರ್ನೆಲ್ಲಿನ ಸೇವೆ ಕೇಳುವುದೆಂದರೆ ಒಂದು ಉಪವಿಧಿಯನ್ನು ಕರೆದಷ್ಟೇ ಸುಲಭ. ಲಿನಕ್ಸ್‌ನಲ್ಲಿ ಅದೇ ಸೇವೆಗೆ ಸಂಸ್ಕಾರಕ ತನ್ನ ಅಧಿಕಾರ ಮಟ್ಟವನ್ನು ಬದಲಿಸಿಕೊಂಡು ಒಳಹೋಗಿ ಹೊರಬರಬೇಕು. ಇದಕ್ಕೆ ನೂರಾರು ನ್ಯಾನೋಸೆಕೆಂಡ್‌ಗಳು ಹಿಡಿಯಬಹುದು. ಇಲ್ಲಿ ಉಳಿತಾಯ ಇರುವುದು ನಿಜ.

ಉಳಿತಾಯ ಎಷ್ಟು ಎಂಬುದೇ ಪ್ರಶ್ನೆ. ಭೌತವಿಜ್ಞಾನದ ಒಂದು ಸಾಮಾನ್ಯ ಲೆಕ್ಕವನ್ನು ತೆಗೆದುಕೊಳ್ಳಿ. 10,000 ಸಾಲು, 10,000 ಕಂಬಗಳಿರುವ ಎರಡು ಮಾತೃಕೆಗಳನ್ನು ಗುಣಿಸಬೇಕಾಗಿದೆ. ಬೇಕಾದ ಗುಣಾಕಾರ ಸಂಕಲನಗಳ ಸಂಖ್ಯೆ ಸುಮಾರು 2 ಲಕ್ಷ ಕೋಟಿ. ಸ್ಮೃತಿಯನ್ನು ಒಮ್ಮೆ ಪಡೆದುಕೊಂಡ ಮೇಲೆ ಈ ಇಡೀ ಕೆಲಸದಲ್ಲಿ ಕ್ರಮವಿಧಿ ಕರ್ನೆಲ್ಲಿನ ಬಾಗಿಲನ್ನು ತಟ್ಟುವ ಅಗತ್ಯವೇ ಇಲ್ಲ! ಒಂದು ಗಣನೆಯ 100 ಸೆಕೆಂಡ್‌ಗಳಲ್ಲಿ ಕಾರ್ಯಾಚರಣ ವ್ಯವಸ್ಥೆ 1 ಸೆಕೆಂಡನ್ನು ನುಂಗುತ್ತಿದೆ ಎಂದುಕೊಳ್ಳೋಣ. ಯಾರೋ ಮಹಾನಿಪುಣರು ಅದನ್ನು ಅಸೆಂಬ್ಲಿಯಲ್ಲಿ ಬರೆದು ವೇಗವನ್ನು ಇಮ್ಮಡಿ ಮಾಡಿದರು. ಆಗ ನಿಮ್ಮ ಗಣನೆ 99.5 ಸೆಕೆಂಡ್‌ಗಳಲ್ಲಿ ಮುಗಿಯುತ್ತದೆ. ಕರ್ನೆಲ್ಲನ್ನು ಶೂನ್ಯ ಕಾಲದಲ್ಲಿ ಓಡಿಸಿದರೂ 99ಕ್ಕಿಂತ ಕೆಳಗೆ ಇಳಿಯಲಾರಿರಿ. ಜೀನ್ ಆಮ್ಡಾಲ್ 1967ರಲ್ಲಿ ಎತ್ತಿ ತೋರಿಸಿದ ಮಿತಿಯ ಹಿಂದಿರುವುದೂ ಇದೇ ತರ್ಕ. ಒಟ್ಟಿನಲ್ಲಿ ಚಿಕ್ಕದಾಗಿರುವ ಪಾಲನ್ನು ಎಷ್ಟು ತೀಡಿದರೂ ಒಟ್ಟು ಕರಗುವುದಿಲ್ಲ.

ಹಾಗಾದರೆ ವಾದ ಇಲ್ಲಿಗೇ ಬಿದ್ದುಹೋಯಿತೆ? ಇಲ್ಲ. ಒಂದು ಗಣಕದ ಮಟ್ಟಿಗೆ ಬಿತ್ತು. ಸಾವಿರಾರು ಗಣಕಗಳು ಕೂಡಿದಾಗ ಕಥೆಯೇ ಬೇರೆ. ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ಅಮೆರಿಕದ ಲಾಸ್ ಅಲಮೋಸ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ಆಸ್ಕಿ ಕ್ಯೂ ಎಂಬ ಸೂಪರ್‌ಕಂಪ್ಯೂಟರ್ ಇತ್ತು. ಒಂದೊಂದರಲ್ಲೂ 4 ಆಲ್ಫಾ ಸಂಸ್ಕಾರಕಗಳಿದ್ದ 2,048 ನೋಡ್‌ಗಳು, ಅಂದರೆ ಒಟ್ಟು 8,192 ಸಂಸ್ಕಾರಕಗಳು. ಸೇಜ್ ಎಂಬ ದ್ರವಚಲನ ಕ್ರಮವಿಧಿಯನ್ನು ಅದರಲ್ಲಿ ಓಡಿಸಿದಾಗ, ಸೈದ್ಧಾಂತಿಕ ಮಾದರಿ ಹೇಳಿದ್ದಕ್ಕಿಂತ ಬಹಳ ಹೆಚ್ಚು ಸಮಯ ಹಿಡಿಯುತ್ತಿತ್ತು. ಇನ್ನೂ ವಿಚಿತ್ರ: ನೋಡ್ ಒಂದರ ನಾಲ್ಕೂ ಸಂಸ್ಕಾರಕಗಳನ್ನು ದುಡಿಸುವುದಕ್ಕಿಂತ ಮೂರನ್ನು ದುಡಿಸಿ ಒಂದನ್ನು ಸುಮ್ಮನೆ ಬಿಟ್ಟರೆ ಯಂತ್ರ ದೊಡ್ಡ ಪ್ರಮಾಣದಲ್ಲಿ ಚೆನ್ನಾಗಿ ನಡೆಯುತ್ತಿತ್ತು! ಫಾಬ್ರಿಜಿಯೊ ಪೆಟ್ರಿನಿ, ಡ್ಯಾರೆನ್ ಕರ್ಬಿಸನ್ ಮತ್ತು ಸ್ಕಾಟ್ ಪಾಕಿನ್ ಈ ಒಗಟನ್ನು ಬಿಡಿಸಿ 2003ರಲ್ಲಿ ಪ್ರಕಟಿಸಿದ ಪ್ರಬಂಧ ಪತ್ತೇದಾರಿ ಕಥೆಯಂತೆ ಓದಿಸಿಕೊಳ್ಳುತ್ತದೆ. ಅಪರಾಧಿ ಕಾರ್ಯಾಚರಣ ವ್ಯವಸ್ಥೆಯೇ. ಆದರೆ ಅದು ನಿಧಾನವಾಗಿದ್ದುದು ಅಪರಾಧವಲ್ಲ. ಹೊತ್ತಲ್ಲದ ಹೊತ್ತಿನಲ್ಲಿ ನಡುವೆ ಬಾಯಿಹಾಕುತ್ತಿದ್ದುದು ಅಪರಾಧ.

ಸಮಾಂತರ ಗಣನೆಯಲ್ಲಿ ಎಲ್ಲ ನೋಡ್‌ಗಳೂ ಒಂದು ಹೆಜ್ಜೆ ಇಟ್ಟು, ಫಲಿತಾಂಶವನ್ನು ಪರಸ್ಪರ ಹಂಚಿಕೊಂಡು, ಆಮೇಲೆ ಮುಂದಿನ ಹೆಜ್ಜೆಗೆ ಹೋಗುತ್ತವೆ. ಕೋಲಾಟದಲ್ಲಿ ಒಬ್ಬ ತಡವರಿಸಿದರೆ ಇಡೀ ಸುತ್ತು ನಿಲ್ಲುವುದಿಲ್ಲವೆ, ಹಾಗೆ. ಒಂದು ಹೆಜ್ಜೆಯ ಅವಧಿಯಲ್ಲಿ ಯಾವುದೇ ಒಂದು ನೋಡ್‌ಗೆ ಅಡಚಣೆ ಬರುವ ಸಂಭವನೀಯತೆ ಸಾವಿರದಲ್ಲಿ ಒಂದು ಎಂದುಕೊಳ್ಳಿ. ನೋಡ್ ಒಂದೇ ಇದ್ದರೆ ಸಾವಿರ ಹೆಜ್ಜೆಗೊಮ್ಮೆ ತಡವಾದೀತು, ಯಾರ ಗಮನಕ್ಕೂ ಬಾರದು. 1,000 ನೋಡ್‌ಗಳಿದ್ದರೆ? ಎಲ್ಲವೂ ಅಡಚಣೆಯಿಲ್ಲದೆ ಪಾರಾಗುವ ಸಂಭವನೀಯತೆ 0.999ರ 1,000ನೆಯ ಘಾತ, ಅಂದರೆ ಸುಮಾರು 0.37. ನೂರರಲ್ಲಿ 63 ಹೆಜ್ಜೆಗಳು ತಡವಾಗುತ್ತವೆ. 10,000 ನೋಡ್‌ಗಳಿಗೆ ಈ ಲೆಕ್ಕವನ್ನು ನೀವೇ ಮಾಡಿ ನೋಡಿ. ತಡವಾಗದ ಹೆಜ್ಜೆಯನ್ನು ಹುಡುಕಬೇಕಾಗುತ್ತದೆ. ಸರಾಸರಿಯಲ್ಲಿ ನಗಣ್ಯವಾದದ್ದು ಗರಿಷ್ಠದಲ್ಲಿ ಭಾರಿಯಾಗುತ್ತದೆ. ಸಾವಿರ ವಿದ್ಯಾರ್ಥಿಗಳ ಸರಾಸರಿ ಓಟದ ವೇಗ ಬೇರೆ, ಸಾವಿರದಲ್ಲಿ ಕೊನೆಯವನು ಗುರಿ ತಲುಪುವ ಸಮಯ ಬೇರೆ. ಸೂಪರ್‌ಕಂಪ್ಯೂಟರ್ ಕಾಯುವುದು ಆ ಕೊನೆಯವನಿಗಾಗಿ.

ಆಸ್ಕಿ ಕ್ಯೂನಲ್ಲಿ ಬಿಡಿ ನೋಡ್ ಒಂದರಲ್ಲಿ ಈ ಗದ್ದಲ ನುಂಗುತ್ತಿದ್ದುದು ಸಂಸ್ಕಾರಕದ ಕಾಲದಲ್ಲಿ ಶೇಕಡಾ ಒಂದೆರಡನ್ನು ಮಾತ್ರ. ಪರಿಹಾರವೇನು? ಅನಗತ್ಯವಾದ ಹಿನ್ನೆಲೆ ಕ್ರಮವಿಧಿಗಳನ್ನು ತೆಗೆದುಹಾಕಿದರು, ಕೆಲವು ಎಚ್ಚರಗೊಳ್ಳುವ ಆವರ್ತನೆಯನ್ನು ತಗ್ಗಿಸಿದರು, ಇನ್ನು ಕೆಲವನ್ನು ಬೆರಳೆಣಿಕೆಯ ನೋಡ್‌ಗಳಿಗೆ ಸರಿಸಿದರು. ಯಂತ್ರಾಂಶಕ್ಕೆ ಒಂದು ತಿರುಪೂ ಸೇರಿಸದೆ ಸೇಜ್ ಕ್ರಮವಿಧಿಯ ವೇಗ ಹೆಚ್ಚುಕಡಿಮೆ ಇಮ್ಮಡಿಯಾಯಿತು. ಗಮನಿಸಿ: ಇಲ್ಲಿ ಯಾರೂ ಕರ್ನೆಲ್ಲಿನ ಒಂದು ಸಾಲನ್ನೂ ಅಸೆಂಬ್ಲಿಗೆ ಪರಿವರ್ತಿಸಲಿಲ್ಲ. ಅದನ್ನು ಸುಮ್ಮನಿರುವಂತೆ ಮಾಡಿದರು, ಅಷ್ಟೆ.

ಹೀಗಾಗಿ ಬೇರ್‌ಮೆಟಲ್‌ನಂಥ ವ್ಯವಸ್ಥೆಯ ಪರವಾಗಿ ಹೇಳಬಹುದಾದ ಅತ್ಯುತ್ತಮ ಮಾತು ಅದು ಅಸೆಂಬ್ಲಿಯಲ್ಲಿದೆ ಎಂಬುದಲ್ಲ. ಅದರಲ್ಲಿ ಹಿನ್ನೆಲೆ ಕ್ರಮವಿಧಿಗಳೇ ಇಲ್ಲ, ಆದ್ದರಿಂದ ಅದು ಮೌನವಾಗಿದೆ ಎಂಬುದು. ಕಿರಿದಾಗಿರುವುದು ಗುಣ ಹೌದು. ಆದರೆ ಆ ಗುಣ ಬರೆದ ಭಾಷೆಯಿಂದ ಬಂದದ್ದಲ್ಲ, ಬಿಟ್ಟ ಕೆಲಸಗಳಿಂದ ಬಂದದ್ದು.

ಇದು ಬರಿಯ ತರ್ಕವಲ್ಲ, ಚರಿತ್ರೆಯೂ ಹೀಗೇ ಇದೆ. ಸೂಪರ್‌ಕಂಪ್ಯೂಟರ್‌ಗಳಿಗೆ ಕಿರಿದಾದ ಕರ್ನೆಲ್ ಬೇಕೆಂಬ ಅರಿವು ಬೇರ್‌ಮೆಟಲ್‌ಗಿಂತ ಬಹಳ ಹಿಂದಿನದು. ಅಮೆರಿಕದ ಸ್ಯಾಂಡಿಯಾ ಪ್ರಯೋಗಾಲಯದವರು 1990ರ ದಶಕದಲ್ಲಿ ಸನ್‌ಮಾಸ್, ಪ್ಯೂಮಾ ಎಂಬ ಹಗುರ ಕರ್ನೆಲ್‌ಗಳನ್ನು ಬೆಳೆಸಿದರು. ಅದರ ವಂಶದ ಕೂಗರ್, ಒಂದು ಟೆರಾಫ್ಲಾಪ್ ಗಡಿಯನ್ನು ಮೊದಲು ದಾಟಿದ ಆಸ್ಕಿ ರೆಡ್ ಯಂತ್ರದಲ್ಲಿ ಓಡಿತು. ಮುಂದಿನ ಕುಡಿ ಕ್ಯಾಟಮೌಂಟ್, ರೆಡ್ ಸ್ಟಾರ್ಮ್ ಯಂತ್ರಕ್ಕೆ ಹೋಯಿತು. ಐಬಿಎಂ ತನ್ನ ಬ್ಲೂ ಜೀನ್/ಎಲ್ ಯಂತ್ರಕ್ಕೆ ಕಂಪ್ಯೂಟ್ ನೋಡ್ ಕರ್ನೆಲ್ ಎಂಬುದನ್ನು ಬರೆಯಿತು. ಕಡತಗಳನ್ನು ಓದುವ ಬರೆಯುವ ಗೊಡವೆ ಅದಕ್ಕಿಲ್ಲ. ಅಂಥ ಕೋರಿಕೆಗಳನ್ನು ಲಿನಕ್ಸ್ ಓಡುವ ಬೇರೆ ನೋಡ್‌ಗಳಿಗೆ ದಾಟಿಸಿ ತಾನು ಲೆಕ್ಕದಲ್ಲಿ ಮುಳುಗಿರುತ್ತದೆ. ಈ ಕರ್ನೆಲ್ ಬರೆದದ್ದು ಸಿ++ ಭಾಷೆಯಲ್ಲಿ, ಕೇವಲ 5,000 ಸಾಲುಗಳಷ್ಟು. ಬ್ಲೂ ಜೀನ್/ಎಲ್ 2004ರ ನವೆಂಬರ್‌ನಲ್ಲಿ ಜಗತ್ತಿನ 500 ಅತಿವೇಗದ ಗಣಕಗಳ ಪಟ್ಟಿಯ ತುದಿಗೇರಿ ಹಲವು ವರ್ಷ ಅಲ್ಲೇ ಇತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ನಾಲ್ಕು ಕಪಾಟುಗಳ ಬ್ಲೂ ಜೀನ್/ಎಲ್ 2007ರಲ್ಲಿ ಸ್ಥಾಪನೆಯಾಯಿತು. ಆ ವರ್ಷಗಳಲ್ಲಿ ಅದನ್ನು ಬಳಸಿದ ನಮ್ಮ ಸಂಶೋಧಕರು, ಗೊತ್ತಿದ್ದೋ ಗೊತ್ತಿಲ್ಲದೆಯೋ, ಹಗುರ ಕರ್ನೆಲ್ಲಿನ ಮೇಲೆ ಲೆಕ್ಕ ಮಾಡಿದವರೇ. ಅಸೆಂಬ್ಲಿಯ ಹಠವಿಲ್ಲದೆಯೇ ಇದೆಲ್ಲ ಸಾಧ್ಯವಾಗಿತ್ತು.

ಆಮೇಲೆ ಏನಾಯಿತು? ಕ್ಯಾಟಮೌಂಟನ್ನು ತನ್ನ ಎಕ್ಸ್‌ಟಿ3 ಯಂತ್ರದಲ್ಲಿ ಬಳಸಿದ್ದ ಕ್ರೇ ಕಂಪನಿ ಮುಂದಿನ ಯಂತ್ರಗಳಲ್ಲಿ ಲಿನಕ್ಸನ್ನೇ ಸವರಿ ಹಗುರಗೊಳಿಸಿ ಬಳಸತೊಡಗಿತು. 2017ರ ನವೆಂಬರ್‌ನ ಪಟ್ಟಿಯಲ್ಲಿ 500ಕ್ಕೆ 500 ಗಣಕಗಳೂ ಲಿನಕ್ಸ್ ಮನೆತನದವೇ ಆಗಿದ್ದವು. ದೊಡ್ಡದು ಗೆದ್ದಿತು, ಕಿರಿದು ಸೋತಿತು ಎಂದು ಇದನ್ನು ಓದಬಾರದು. ಹಗುರ ಕರ್ನೆಲ್‌ಗಳು ಕಲಿಸಿದ ಪಾಠವನ್ನು ಲಿನಕ್ಸ್ ಕಲಿತುಕೊಂಡಿತು. ಸೆಕೆಂಡಿಗೆ ನೂರರಿಂದ ಸಾವಿರ ಬಾರಿ ಬಡಿಯುತ್ತಿದ್ದ ಅದರ ಗಡಿಯಾರದ ಟಿಕ್ಕನ್ನು, ಒಂದೇ ಕೆಲಸದಲ್ಲಿ ತೊಡಗಿದ ಸಂಸ್ಕಾರಕದ ಮೇಲೆ ಬಹುಪಾಲು ನಿಲ್ಲಿಸಿಬಿಡುವ ಸೌಲಭ್ಯ 2013ರ 3.10 ಆವೃತ್ತಿಯಲ್ಲಿ ಬಂತು. ಯಂತ್ರಾಂಶ ತಯಾರಕರೂ ಪಾಠ ಕಲಿತರು. ಐಬಿಎಂನ ಬ್ಲೂ ಜೀನ್/ಕ್ಯೂ ಚಿಪ್ಪಿನಲ್ಲಿ ಲೆಕ್ಕಕ್ಕೆ 16 ಕೋರ್‌ಗಳು, ಕಾರ್ಯಾಚರಣ ವ್ಯವಸ್ಥೆಯ ಮನೆಗೆಲಸಕ್ಕೆಂದೇ 17ನೆಯದು. 2020ರಲ್ಲಿ ಪಟ್ಟಿಯ ತುದಿಗೇರಿದ ಜಪಾನಿನ ಫುಗಾಕುವಿನ ಚಿಪ್ಪಿನಲ್ಲಿ ಲೆಕ್ಕ ಮಾಡುವ 48 ಕೋರ್‌ಗಳ ಜೊತೆ 2 ಅಥವಾ 4 ಸಹಾಯಕ ಕೋರ್‌ಗಳಿವೆ. ಆಸ್ಕಿ ಕ್ಯೂನಲ್ಲಿ ನಾಲ್ಕರಲ್ಲೊಂದು ಸಂಸ್ಕಾರಕವನ್ನು ಸುಮ್ಮನೆ ಬಿಟ್ಟಾಗ ಕಂಡ ಲಾಭವೇ ಇಲ್ಲಿ ವಿನ್ಯಾಸವಾಗಿ ಬಂದಿದೆ.

ಫುಗಾಕುವಿನ ಮಾತು ಬಂದದ್ದರಿಂದ ಇನ್ನೊಂದು ಸಂಗತಿ. ಅದರ ಸಂಸ್ಕಾರಕ ಆರ್ಮ್ ಕುಲದ್ದು. ಅದಕ್ಕೆ ಮೊದಲು ತುದಿಯಲ್ಲಿದ್ದ ಸಮ್ಮಿಟ್‌ನಲ್ಲಿ ಐಬಿಎಂನ ಪವರ್9. 2016ರಲ್ಲಿ ಮೊದಲ ಸ್ಥಾನಕ್ಕೆ ಬಂದ ಚೀನಾದ ಸನ್‌ವೇ ತೈಹುಲೈಟ್‌ನದು ಆ ದೇಶದ್ದೇ ಸಂಸ್ಕಾರಕ. 2011ರ ಜಪಾನಿನ ಕೆ ಕಂಪ್ಯೂಟರ್‌ನಲ್ಲಿ ಸ್ಪಾರ್ಕ್. ಒಂದು ದಶಕದೊಳಗೆ ನಾಲ್ಕು ಬೇರೆ ಬೇರೆ ಯಂತ್ರಭಾಷೆಗಳು! ಎಕ್ಸ್86 ಅಸೆಂಬ್ಲಿಯಲ್ಲಿ ಬರೆದ ಕರ್ನೆಲ್ ಈ ನಾಲ್ಕರಲ್ಲಿ ಒಂದರ ಮೇಲೂ ಓಡಲಾರದು. ಪ್ರತಿಸಲವೂ ಮೊದಲಿನಿಂದ ಬರೆಯಬೇಕು. ಐಬಿಎಂನ 5,000 ಸಾಲುಗಳ ಸಿ++ ಕರ್ನೆಲ್ ಕೂಡ ಹೆಚ್ಚುಕಡಿಮೆ ಅಷ್ಟೇ ಕಿರಿದಾದ ಕಲ್ಪನೆ. ಆದರೆ ಹೊಸ ಯಂತ್ರ ಬಂದಾಗ ಅಲ್ಲಿ ತಿದ್ದಬೇಕಾದದ್ದು ಯಂತ್ರಕ್ಕೆ ಅಂಟಿಕೊಂಡ ಭಾಗವನ್ನು ಮಾತ್ರ. ಇದರ ಮೇಲೆ ನೋಡ್‌ಗಳನ್ನು ಬೆಸೆಯುವ ಅತಿವೇಗದ ಜಾಲ, ಸಾವಿರಾರು ನೋಡ್‌ಗಳು ಹಂಚಿಕೊಳ್ಳುವ ಕಡತ ವ್ಯವಸ್ಥೆ, ಇಂದಿನ ದೊಡ್ಡ ಯಂತ್ರಗಳಲ್ಲಿ ಬಹುಪಾಲು ಲೆಕ್ಕವನ್ನು ಹೊತ್ತಿರುವ ಜಿಪಿಯುಗಳು, ಇವಕ್ಕೆಲ್ಲ ಚಾಲಕ ತಂತ್ರಾಂಶಗಳು ಬೇಕು. ಅವನ್ನು ತಯಾರಕರು ಬರೆಯುವುದು ಲಿನಕ್ಸ್‌ಗಾಗಿ. ಹದಿನಾರು ಕಿಲೊಬೈಟ್‌ಗಳ ವ್ಯವಸ್ಥೆಗೆ ಇವನ್ನೆಲ್ಲ ಸೇರಿಸುತ್ತ ಹೋದರೆ ಅದು ಹದಿನಾರು ಕಿಲೊಬೈಟ್‌ಗಳದ್ದಾಗಿ ಉಳಿಯುವುದಿಲ್ಲ.

ಅಸೆಂಬ್ಲಿ ಭಾಷೆಯನ್ನು ಅಲ್ಲಗಳೆಯುವುದು ನನ್ನ ಉದ್ದೇಶವಲ್ಲ. ಅದಕ್ಕೆ ಸೂಪರ್‌ಕಂಪ್ಯೂಟರಿನಲ್ಲಿ ಗೌರವದ ಸ್ಥಾನವಿದೆ. ಆದರೆ ಅದು ಕರ್ನೆಲ್ಲಿನಲ್ಲಿ ಅಲ್ಲ. ಮೇಲೆ ಹೇಳಿದ ಮಾತೃಕೆಗಳ ಗುಣಾಕಾರಕ್ಕೇ ಮರಳೋಣ. ಪಠ್ಯಪುಸ್ತಕದಲ್ಲಿರುವಂತೆ ಮೂರು ಸುತ್ತುಗಳಲ್ಲಿ ಬರೆದ ಕ್ರಮವಿಧಿಗೂ ನುರಿತ ಕೈ ಬರೆದದ್ದಕ್ಕೂ ವೇಗದಲ್ಲಿ ಹತ್ತು ಪಟ್ಟಿಗೂ ಮೀರಿದ ಅಂತರವಿರುವುದು ಅಪರೂಪವಲ್ಲ. ಕಜುಶಿಗೆ ಗೊಟೊ ಎಂಬ ಜಪಾನಿನ ತಜ್ಞ ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿದ್ದಾಗ ಈ ಗುಣಾಕಾರದ ಒಳಸುತ್ತುಗಳನ್ನು ಒಂದೊಂದು ಸಂಸ್ಕಾರಕಕ್ಕೂ ಹೊಂದುವಂತೆ ಕೈಯಾರೆ ಅಸೆಂಬ್ಲಿಯಲ್ಲಿ ಬರೆದರು. ಅವರ ಗೊಟೊಬ್ಲಾಸ್ ಸಂಗ್ರಹ ವರ್ಷಗಟ್ಟಲೆ ವೇಗದ ಮಾನದಂಡವಾಗಿತ್ತು. ಅದರ ಮುಂದುವರಿಕೆಯಾದ ಓಪನ್‌ಬ್ಲಾಸ್ ಬಹುಶಃ ನಿಮ್ಮ ಗಣಕದಲ್ಲೂ ಇದೆ. ಗಣನೆಯ ಬಹುಪಾಲು ಸಮಯ ಕಳೆಯುವುದು ಈ ಕೆಲವೇ ನೂರು ಸಾಲುಗಳಲ್ಲಿ. ಇಲ್ಲಿ ಉಳಿಸಿದ ಒಂದೊಂದು ಆದೇಶವೂ ಕೋಟ್ಯಂತರ ಸಲ ಉಳಿಯುತ್ತದೆ. ಕರ್ನೆಲ್ಲಿನಲ್ಲಿ ಉಳಿಸಿದ್ದು ಅಪರೂಪಕ್ಕೊಮ್ಮೆ.

ಗೊಟೊ ಅವರ ಯಶಸ್ಸಿನ ಗುಟ್ಟು ಬರೀ ಅಸೆಂಬ್ಲಿಯೂ ಅಲ್ಲ ಎಂಬುದನ್ನು ಗಮನಿಸಬೇಕು. ಸಂಸ್ಕಾರಕ ಸ್ಮೃತಿಯನ್ನು ಪುಟಗಳಾಗಿ ವಿಂಗಡಿಸಿ, ಇತ್ತೀಚೆಗೆ ಬಳಸಿದ ಪುಟಗಳ ವಿಳಾಸಗಳನ್ನು ಟಿಎಲ್‌ಬಿ ಎಂಬ ಚಿಕ್ಕ ಪಟ್ಟಿಯಲ್ಲಿ ಇಟ್ಟುಕೊಳ್ಳುತ್ತದೆ. ಪಟ್ಟಿಯಲ್ಲಿಲ್ಲದ ಪುಟವನ್ನು ಮುಟ್ಟಿದಾಗಲೆಲ್ಲ ಹುಡುಕಾಟದ ದಂಡ ತೆರಬೇಕು. ಈ ದಂಡವನ್ನು ತಪ್ಪಿಸುವಂತೆ ದತ್ತಾಂಶವನ್ನು ಜೋಡಿಸುವುದೇ ಅವರ ಮುಖ್ಯ ಒಳನೋಟ. ಇಲ್ಲಿ ಬೇರ್‌ಮೆಟಲ್‌ಗೂ ಒಂದು ಮೆಚ್ಚುಗೆ ಸಲ್ಲಬೇಕು. ಅದು ಸ್ಮೃತಿಯನ್ನು 2 ಮೆಗಾಬೈಟ್‌ಗಳ ದೊಡ್ಡ ಪುಟಗಳಲ್ಲಿ ಹಂಚುತ್ತದೆ. 1 ಗಿಗಾಬೈಟಿನ ಮಾತೃಕೆಗೆ 4 ಕಿಲೊಬೈಟ್‌ಗಳ ವಾಡಿಕೆಯ ಪುಟಗಳು 2,62,144 ಬೇಕಾದರೆ, ಈ ದೊಡ್ಡ ಪುಟಗಳು 512 ಸಾಕು. ಇದು ಸರಿಯಾದ, ಬುದ್ಧಿವಂತ ನಿರ್ಧಾರ. ಆದರೆ ದೊಡ್ಡ ಪುಟಗಳನ್ನು ಬೇಡಿ ಪಡೆಯುವ ಅವಕಾಶ ಲಿನಕ್ಸ್‌ನಲ್ಲೂ ಇದೆ. ಮತ್ತೆ ಲಾಭ ಬಂದದ್ದು ವಿನ್ಯಾಸದಿಂದಲೇ ಹೊರತು ಭಾಷೆಯಿಂದಲ್ಲ.

ನನ್ನ ಅತಿ ದೊಡ್ಡ ಆಕ್ಷೇಪ ವೇಗದ ಬಗ್ಗೆ ಅಲ್ಲವೇ ಅಲ್ಲ. ಕ್ರಮವಿಧಿಯೂ ಕರ್ನೆಲ್ಲೂ ಒಂದೇ ಬಯಲಿನಲ್ಲಿ ಬೇಲಿಯಿಲ್ಲದೆ ಕೂತಿವೆ ಎಂದೆನಷ್ಟೆ. ಸರಣಿಯ ಗಡಿಯನ್ನು ಮೀರಿ ಒಂದು ಸಂಖ್ಯೆಯನ್ನು ಬರೆಯುವ ತಪ್ಪು ಭೌತವಿಜ್ಞಾನದ ಕ್ರಮವಿಧಿಗಳಲ್ಲಿ ಅತಿ ಸಾಮಾನ್ಯ. ಲಿನಕ್ಸ್‌ನಲ್ಲಿ ಅಂಥ ತಪ್ಪು ತನಗೆ ಸೇರದ ಪುಟವನ್ನು ಮುಟ್ಟಿದ ಕ್ಷಣ ಕ್ರಮವಿಧಿ ಸತ್ತುಬೀಳುತ್ತದೆ, ವಿದ್ಯಾರ್ಥಿ ಗೊಣಗಿಕೊಂಡು ತಪ್ಪನ್ನು ಹುಡುಕುತ್ತಾನೆ. ಬೇಲಿಯಿಲ್ಲದ ಕಡೆ ಅದು ಸದ್ದಿಲ್ಲದೆ ಬೇರೇನನ್ನೋ ಅಳಿಸಿ ಮುಂದೆ ಸಾಗಬಹುದು. ಕೊನೆಯಲ್ಲಿ ಆರು ದಶಮಾಂಶ ಸ್ಥಾನಗಳುಳ್ಳ ಅಚ್ಚುಕಟ್ಟಾದ ಉತ್ತರವೊಂದು ಬರುತ್ತದೆ. ತಾನು ತಪ್ಪು ಎಂದು ಆ ಉತ್ತರ ಹೇಳಿಕೊಳ್ಳುವುದಿಲ್ಲ! ನಿಧಾನವಾಗಿ ಬಂದ ಸರಿ ಉತ್ತರಕ್ಕಾಗಿ ಕಾಯಬಹುದು, ಬೇಗ ಬಂದ ತಪ್ಪು ಉತ್ತರವನ್ನು ಏನು ಮಾಡುವುದು? ಬ್ಲೂ ಜೀನ್‌ನ ಕರ್ನೆಲ್ ಎಷ್ಟೇ ಹಗುರವಾಗಿದ್ದರೂ ತನ್ನನ್ನು ಬಳಕೆದಾರನ ಕ್ರಮವಿಧಿಯಿಂದ ಕಾಪಾಡಿಕೊಳ್ಳುವ ಬೇಲಿಯನ್ನು ಬಿಟ್ಟುಕೊಡಲಿಲ್ಲ.

ಇನ್ನು ಬೇರ್‌ಮೆಟಲ್‌ನ ಮೂರನೆಯ ಗುರಿ, ಶಿಕ್ಷಣ. ಇಲ್ಲಿ ನನ್ನ ತಕರಾರಿಲ್ಲ. ಲಿನಕ್ಸ್ ಕರ್ನೆಲ್ ಕೋಟಿ ಸಾಲುಗಳನ್ನು ಮೀರಿ ಬೆಳೆದಿದೆ. ಅದನ್ನು ಒಬ್ಬ ವಿದ್ಯಾರ್ಥಿ ಮೊದಲಿನಿಂದ ಕೊನೆಯವರೆಗೆ ಓದಿ ಮುಗಿಸುವಂತಿಲ್ಲ. ಹದಿನಾರು ಕಿಲೊಬೈಟ್‌ಗಳನ್ನು ಓದಬಹುದು. ವಿದ್ಯುತ್ ಹರಿದ ಮೇಲೆ ಸಂಸ್ಕಾರಕ 64 ಬಿಟ್‌ಗಳ ಸ್ಥಿತಿಗೆ ಹೇಗೆ ಏರುತ್ತದೆ, ಮಲಗಿರುವ ಉಳಿದ ಕೋರ್‌ಗಳನ್ನು ಯಾರು ಎಬ್ಬಿಸುತ್ತಾರೆ, ಅಡಚಣೆಯೊಂದು ಬಂದಾಗ ಏನೇನಾಗುತ್ತದೆ, ಇವನ್ನು ಒಂದು ಸೆಮಿಸ್ಟರ್‌ನಲ್ಲಿ ಸಾಲುಸಾಲಾಗಿ ಓದಿ ತಿಳಿಯಬಹುದು. ಹಾಗೆ ಓದಿದವನು ಮುಂದೆ ಯಾವ ಭಾಷೆಯಲ್ಲಿ ಬರೆದರೂ ಯಂತ್ರದ ಅರಿವಿಟ್ಟುಕೊಂಡು ಬರೆಯುತ್ತಾನೆ. ಅಂಥ ಪ್ರಾಜೆಕ್ಟನ್ನು ಒಪ್ಪಿಕೊಳ್ಳಿ. "ಲಿನಕ್ಸ್‌ಗಿಂತ ವೇಗದ ಸೂಪರ್‌ಕಂಪ್ಯೂಟರ್ ವ್ಯವಸ್ಥೆ" ಎಂಬ ಶೀರ್ಷಿಕೆ ಹೊತ್ತು ಬಂದರೆ ಮಾತ್ರ ಶೀರ್ಷಿಕೆಯನ್ನು ಬದಲಿಸಲು ಹೇಳಿ.

ಅಸೆಂಬ್ಲಿಗೆ ಕೈಹಾಕುವ ಮೊದಲು ಮಾಡಬಹುದಾದ ಒಂದು ಪ್ರಯೋಗವಿದೆ. ಕಾಲೇಜಿನ ಯಾವ ಗಣಕವಾದರೂ ಸಾಕು. ಸುಮಾರು ಒಂದು ಮಿಲಿಸೆಕೆಂಡ್ ಹಿಡಿಯುವಷ್ಟು ಗುಣಾಕಾರಗಳ ಒಂದು ಸುತ್ತನ್ನು ಸಿ ಭಾಷೆಯಲ್ಲಿ ಬರೆಯಿರಿ. ಪ್ರತಿಸಲವೂ ಕೆಲಸ ಅಷ್ಟೇ ಇರಲಿ. ಅದನ್ನು ಒಂದು ಲಕ್ಷ ಸಲ ನಡೆಸಿ, ಪ್ರತಿಸಲ ಹಿಡಿದ ಸಮಯವನ್ನು ನ್ಯಾನೋಸೆಕೆಂಡ್‌ಗಳಲ್ಲಿ ಸ್ಮೃತಿಯಲ್ಲಿ ಗುರುತಿಸಿಕೊಳ್ಳಿ. ನಡುನಡುವೆ ಮುದ್ರಿಸಬೇಡಿ, ಮುದ್ರಣವೇ ಗದ್ದಲವಾಗುತ್ತದೆ. ಕೊನೆಯಲ್ಲಿ ಆವೃತ್ತಿ ನಕ್ಷೆ ಬರೆಯಿರಿ. ಒಂದು ಚೂಪಾದ ಶಿಖರ, ಅದರ ಬಲಕ್ಕೆ ಉದ್ದವಾದ ಬಾಲ ಕಾಣುತ್ತದೆ. ಬಾಲದಲ್ಲಿರುವ ಒಂದೊಂದು ಚುಕ್ಕೆಯೂ ಕಾರ್ಯಾಚರಣ ವ್ಯವಸ್ಥೆ ಬಾಯಿಹಾಕಿದ ಗಳಿಗೆ. ಈಗ ಬ್ರೌಸರ್ ಮುಚ್ಚಿ, ಜಾಲದ ತಂತಿ ಕಿತ್ತು, ಕ್ರಮವಿಧಿಯನ್ನು ಒಂದೇ ಕೋರ್‌ಗೆ ಕಟ್ಟಿಹಾಕಿ ಮತ್ತೆ ನಡೆಸಿ. ಶಿಖರ ಎಷ್ಟು ಸರಿಯಿತು, ಬಾಲ ಎಷ್ಟು ಮೊಟಕಾಯಿತು ಎಂಬುದನ್ನು ಎರಡು ನಕ್ಷೆಗಳನ್ನು ಒಂದರ ಮೇಲೊಂದಿಟ್ಟು ಅಳೆಯಿರಿ. ಬಾಲದ ಚುಕ್ಕೆಗಳನ್ನು ಎಣಿಸಿ ಒಂದು ಲಕ್ಷದಿಂದ ಭಾಗಿಸಿದರೆ ಅಡಚಣೆಯ ಸಂಭವನೀಯತೆ ನಿಮ್ಮ ಕೈಯಲ್ಲಿರುತ್ತದೆ. ಮೇಲಿನ ಸೂತ್ರದಲ್ಲಿ 0.001ರ ಬದಲು ಅದನ್ನಿಟ್ಟು, ನಿಮ್ಮ ಗಣಕದಂಥ ಸಾವಿರ ಗಣಕಗಳನ್ನು ಕೂಡಿಸಿದರೆ ಏನಾದೀತೆಂದು ಲೆಕ್ಕ ಹಾಕಿ.